ದತ್ತಸಂಚಯದಿಂದ ಸ್ಪ್ರೆಡ್‌ಶೀಟ್‌ಗೆ ದತ್ತಾಂಶ ರಫ್ತು

ಡೇಟಾಬೇಸ್ ಎಂದು ರೂಢಿಯಲ್ಲಿರುವ ದತ್ತಸಂಚಯ ತಂತ್ರಾಂಶದಲ್ಲಿ ಕೂಡಿಟ್ಟ ಮಾಹಿತಿಯನ್ನು ಪೂರ್ತಿಯಾಗಿಯೋ ಆಯ್ದೋ ಹೊರತೆಗೆದು, ಎಕ್ಸೆಲ್, ಲಿಬ್ರೆಆಫೀಸ್ ಕ್ಯಾಲ್ಕ್ ಮೊದಲಾದ ಸ್ಪ್ರೆಡ್‌ಶೀಟ್ ತಂತ್ರಾಂಶಗಳು ತೆರೆಯಬಲ್ಲ ರೂಪಕ್ಕೆ ತರುವ ಕ್ರಿಯೆಗೆ ದತ್ತಾಂಶ ರಫ್ತು ಎಂದು ಹೆಸರು. ಕಚೇರಿಗಳ ಆಡುಮಾತಿನಲ್ಲಿ ಇದು ‘ಎಕ್ಸೆಲ್‌ಗೆ ಎಕ್ಸ್‌ಪೋರ್ಟ್ ಮಾಡುವುದು’. ಬ್ಯಾಂಕಿನ ಖಾತೆಗಳು, ಶಾಲೆಯ ದಾಖಲಾತಿ, ಆಸ್ಪತ್ರೆಯ ರೋಗಿಗಳ ನೋಂದಣಿ, ಸಹಕಾರ ಸಂಘದ ಹಾಲಿನ ಲೆಕ್ಕ ಇವೆಲ್ಲ ಇಂದು ದತ್ತಸಂಚಯಗಳಲ್ಲಿ ನೆಲೆಸಿದ್ದರೂ, ಅವನ್ನು ಕೂಡಿ ಕಳೆದು ವರದಿ ಸಿದ್ಧಪಡಿಸುವವರ ಕೈಗೆ ಒಗ್ಗಿದ ಸಾಧನ ಸ್ಪ್ರೆಡ್‌ಶೀಟ್ ಆಗಿರುವುದರಿಂದ, ಈ ಎರಡರ ನಡುವಿನ ಸಾಗಣೆ ಗಣಕ ಬಳಸುವ ಪ್ರತಿಯೊಂದು ಕಚೇರಿಯ ದಿನಚರಿಯಾಗಿದೆ. ದತ್ತಸಂಚಯವು ಪ್ರತಿಯೊಂದು ಮೌಲ್ಯದ ಜೊತೆಗೆ ಅದು ಯಾವ ಬಗೆಯದು, ಯಾವುದಕ್ಕೆ ಸಂಬಂಧಿಸಿದ್ದು ಎಂಬ ತಿಳಿವಳಿಕೆಯನ್ನೂ ಕಾಪಾಡಿಕೊಂಡಿರುತ್ತದೆ. ರಫ್ತಿನಲ್ಲಿ ಮೌಲ್ಯವು ಸುಲಭವಾಗಿ ಹೊರಗೆ ಬರುತ್ತದೆ, ಆ ತಿಳಿವಳಿಕೆ ಹಲವು ಸಲ ಹಿಂದೆ ಉಳಿಯುತ್ತದೆ. ರಫ್ತಿನ ವಿಧಾನಗಳು, ಅದರಲ್ಲಿ ತಲೆದೋರುವ ದೋಷಗಳು, ಅವುಗಳ ಪರಿಹಾರ, ಈ ಮೂರನ್ನೂ ಅರಿಯಲು ಈ ಒಂದು ಅಂಶವೇ ಕೀಲಿಕೈ.

ಹಿನ್ನೆಲೆ

ದತ್ತಸಂಚಯ ಮತ್ತು ಸ್ಪ್ರೆಡ್‌ಶೀಟ್ ಬೇರೆ ಬೇರೆ ಅಗತ್ಯಗಳಿಂದ ಹುಟ್ಟಿದವು. ಐಬಿಎಂ ಸಂಸ್ಥೆಯ ಸ್ಯಾನ್ ಹೋಸೆ ಪ್ರಯೋಗಾಲಯದಲ್ಲಿದ್ದ ಇಂಗ್ಲೆಂಡ್ ಮೂಲದ ಗಣಿತಜ್ಞ ಎಡ್ಗರ್ ಕಾಡ್ 1970ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ, ಮಾಹಿತಿಯನ್ನೆಲ್ಲ ಸರಳ ಕೋಷ್ಟಕಗಳಲ್ಲಿಟ್ಟು, ಕೋಷ್ಟಕಗಳ ನಡುವಿನ ಸಂಬಂಧವನ್ನು ಅವುಗಳಲ್ಲಿರುವ ಮೌಲ್ಯಗಳಿಂದಲೇ ತಿಳಿಯುವ ಸಂಬಂಧಾತ್ಮಕ ಮಾದರಿಯನ್ನು ಮಂಡಿಸಿದರು. ಅದೇ ಸಂಸ್ಥೆಯ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ 1974ರಲ್ಲಿ ಇಂಥ ಕೋಷ್ಟಕಗಳನ್ನು ಪ್ರಶ್ನಿಸುವ ಭಾಷೆಯನ್ನು ರೂಪಿಸಿದರು. ಅದೇ ಮುಂದೆ ಎಸ್‌ಕ್ಯುಎಲ್ ಎಂಬ ಹೆಸರಿನಲ್ಲಿ ಎಲ್ಲೆಡೆ ಬಳಕೆಗೆ ಬಂತು. ಇತ್ತ ಸ್ಪ್ರೆಡ್‌ಶೀಟ್ ಎಂಬ ಪದವು ಲೆಕ್ಕಿಗರು ಎದುರುಬದುರು ಪುಟಗಳಲ್ಲಿ ಹರಡಿ ಬರೆಯುತ್ತಿದ್ದ ಅಗಲವಾದ ಲೆಕ್ಕದ ಹಾಳೆಯಿಂದ ಬಂದದ್ದು. ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಆ ಹಾಳೆಯನ್ನು ಪರದೆಯ ಮೇಲೆ ತಂದು 1979ರಲ್ಲಿ ಆ್ಯಪಲ್-2 ಗಣಕಕ್ಕಾಗಿ ವಿಸಿಕ್ಯಾಲ್ಕ್ ಎಂಬ ತಂತ್ರಾಂಶವನ್ನು ಹೊರತಂದರು. 254 ಅಡ್ಡಸಾಲು, 63 ಕಂಬಸಾಲುಗಳಷ್ಟೇ ಇದ್ದ ಆ ಹಾಳೆಯಲ್ಲಿ ಒಂದು ಅಂಕಿಯನ್ನು ತಿದ್ದಿದರೆ ಅದನ್ನು ಅವಲಂಬಿಸಿದ ಲೆಕ್ಕವೆಲ್ಲ ತಾನಾಗಿ ತಿದ್ದಿಕೊಳ್ಳುತ್ತಿತ್ತು.

ಎರಡು ಧಾರೆಗಳೂ ಮೇಜಿನ ಮೇಲಿನ ಗಣಕದಲ್ಲಿ ಕೂಡಿಕೊಂಡದ್ದು 1980ರ ದಶಕದಲ್ಲಿ. ವೇಯ್ನ್ ರ‍್ಯಾಟ್ಲಿಫ್ ಬರೆದು ಆಷ್ಟನ್-ಟೇಟ್ ಸಂಸ್ಥೆ ಮಾರಿದ ಡಿಬೇಸ್ ತಂತ್ರಾಂಶವು ಸಣ್ಣ ಕಚೇರಿಗಳಿಗೂ ದತ್ತಸಂಚಯವನ್ನು ತಲುಪಿಸಿತು; ಮಿಚ್ ಕೇಪರ್ ಸ್ಥಾಪಿಸಿದ ಲೋಟಸ್ ಸಂಸ್ಥೆಯ 1-2-3 ಎಂಬ ಸ್ಪ್ರೆಡ್‌ಶೀಟ್ 1983ರಲ್ಲಿ ಮಾರುಕಟ್ಟೆಗೆ ಬಂತು. ಲೆಕ್ಕದ ಹಾಳೆ, ನಕ್ಷೆ ಮತ್ತು ಸರಳ ದತ್ತಸಂಚಯ ಈ ಮೂರೂ ಒಂದರಲ್ಲೇ ಇವೆ ಎಂಬುದೇ ಆ ಹೆಸರಿನ ಇಂಗಿತವಾಗಿತ್ತು. ಮೈಕ್ರೋಸಾಫ್ಟ್ ಸಂಸ್ಥೆಯು ಎಕ್ಸೆಲ್ ಅನ್ನು 1985ರಲ್ಲಿ ಮ್ಯಾಕಿಂಟೋಶ್‌ಗೆ, 1987ರಲ್ಲಿ ವಿಂಡೋಸ್‌ಗೆ ಹೊರತಂದು, 1992ರಲ್ಲಿ ಆ್ಯಕ್ಸೆಸ್ ಎಂಬ ದತ್ತಸಂಚಯ ತಂತ್ರಾಂಶವನ್ನು ಬಿಡುಗಡೆ ಮಾಡಿತು. ಅದೇ ವರ್ಷ ಇನ್ನೊಂದು ದತ್ತಸಂಚಯ ತಂತ್ರಾಂಶವಾದ ಫಾಕ್ಸ್‌ಪ್ರೋ ತಯಾರಿಸುತ್ತಿದ್ದ ಸಂಸ್ಥೆಯನ್ನೂ ಕೊಂಡಿತು. ಭಾರತದ ಕಚೇರಿಗಳಲ್ಲಿ ಡಿಬೇಸ್ ಮತ್ತು ಫಾಕ್ಸ್‌ಪ್ರೋ ದೀರ್ಘಕಾಲ ಬಳಕೆಯಲ್ಲಿದ್ದುದರಿಂದ, ಅವುಗಳ ಡಿಬಿಎಫ್ ಕಡತಗಳನ್ನು ಸ್ಪ್ರೆಡ್‌ಶೀಟಿಗೆ ತರುವುದು ಒಂದು ತಲೆಮಾರಿನ ಗಣಕ ಸಿಬ್ಬಂದಿಗೆ ಚಿರಪರಿಚಿತ ಕೆಲಸವಾಗಿತ್ತು. 1986ರಲ್ಲಿ ಆರಂಭವಾಗಿ ಬೆಂಗಳೂರನ್ನು ಕೇಂದ್ರವಾಗಿಸಿಕೊಂಡು ಬೆಳೆದ ಟ್ಯಾಲಿ ಸಂಸ್ಥೆಯ ಲೆಕ್ಕಪತ್ರ ತಂತ್ರಾಂಶದಿಂದ ದಿನವಹಿ, ಖಾತೆ ಪುಸ್ತಕ, ದಾಸ್ತಾನು ವಿವರಗಳನ್ನು ಎಕ್ಸೆಲ್‌ಗೆ ಇಳಿಸಿಕೊಳ್ಳುವುದು ಇಂದಿಗೂ ವರ್ತಕರ, ಲೆಕ್ಕಪರಿಶೋಧಕರ ನಿತ್ಯದ ರೂಢಿ.

ಎರಡು ರಚನೆಗಳ ಅಂತರ

ಹೊರನೋಟಕ್ಕೆ ಎರಡೂ ಕಡೆ ಕಾಣುವುದು ಅಡ್ಡಸಾಲು ಕಂಬಸಾಲುಗಳ ಕೋಷ್ಟಕವೇ ಆದರೂ, ಒಳಗಿನ ಕಟ್ಟುಪಾಡುಗಳು ಬೇರೆ. ದತ್ತಸಂಚಯದಲ್ಲಿ ಪ್ರತಿ ಕಂಬಸಾಲಿಗೂ ಒಂದು ಹೆಸರು ಮತ್ತು ಒಂದು ದತ್ತಪ್ರಕಾರ ಮೊದಲೇ ನಿಗದಿಯಾಗಿರುತ್ತದೆ. ದತ್ತಪ್ರಕಾರ ಎಂದರೆ ಅಲ್ಲಿ ಇರಬಹುದಾದದ್ದು ಪೂರ್ಣಾಂಕವೇ, ದಶಮಾಂಶವೇ, ತಾರೀಖೇ, ಪಠ್ಯವೇ ಎಂಬ ಕಟ್ಟಳೆ. ತಾರೀಖಿನ ಕಂಬಸಾಲಿನಲ್ಲಿ ಊರಿನ ಹೆಸರು ಬರೆಯಲು ಹೋದರೆ ದತ್ತಸಂಚಯ ಒಪ್ಪುವುದಿಲ್ಲ. ಪ್ರತಿಯೊಂದು ಅಡ್ಡಸಾಲನ್ನೂ ಪ್ರತ್ಯೇಕವಾಗಿ ಗುರುತಿಸುವ ಪ್ರಧಾನ ಕೀಲಿ, ಒಂದು ಕೋಷ್ಟಕದ ಸಾಲನ್ನು ಇನ್ನೊಂದರ ಸಾಲಿಗೆ ಜೋಡಿಸುವ ಅನ್ಯ ಕೀಲಿ, ಮೌಲ್ಯವೇ ಗೊತ್ತಿಲ್ಲ ಎಂಬುದನ್ನು ಸೂಚಿಸುವ ‘ನಲ್’ ಎಂಬ ಗುರುತು, ಇವೆಲ್ಲ ದತ್ತಸಂಚಯದ ಅಂಗಗಳು.

ಸ್ಪ್ರೆಡ್‌ಶೀಟಿನಲ್ಲಿ ನಿಯಮದ ಘಟಕವು ಕಂಬಸಾಲಲ್ಲ, ಒಂದೊಂದು ಸೆಲ್ ಅಥವಾ ಕೋಶ. ಒಂದೇ ಕಂಬಸಾಲಿನ ಮೊದಲ ಕೋಶದಲ್ಲಿ ಸಂಖ್ಯೆ, ಎರಡನೆಯದರಲ್ಲಿ ಪಠ್ಯ, ಮೂರನೆಯದರಲ್ಲಿ ಸೂತ್ರ ಇರಬಹುದು. ಬಳಕೆದಾರ ಏನನ್ನು ಬರೆದರೂ ತಂತ್ರಾಂಶ ಅದನ್ನು ನೋಡಿ ಇದು ಇಂಥದ್ದಿರಬೇಕು ಎಂದು ಊಹಿಸುತ್ತದೆ. ಕೈಯಾರೆ ಅಂಕಿಗಳನ್ನು ತುಂಬುವವರ ಶ್ರಮ ಉಳಿಸಲೆಂದೇ ಈ ಊಹೆಯ ಗುಣವನ್ನು ಅಳವಡಿಸಲಾಯಿತು. ಆದರೆ ದತ್ತಸಂಚಯವು ಖಚಿತವಾಗಿ ತಿಳಿದಿದ್ದ ಸಂಗತಿಯನ್ನು ಸ್ಪ್ರೆಡ್‌ಶೀಟ್ ಮತ್ತೆ ಹೊಸದಾಗಿ ಊಹಿಸತೊಡಗಿದಾಗ, ಆ ಊಹೆ ತಪ್ಪಿದಲ್ಲೆಲ್ಲ ದತ್ತಾಂಶ ಕೆಡುತ್ತದೆ. ನಲ್ ಎಂಬ ಗುರುತಿನ ಗತಿಯೂ ಇದೇ. ಪೋಸ್ಟ್‌ಗ್ರೆಸ್ ಎಂಬ ಮುಕ್ತ ದತ್ತಸಂಚಯ ತಂತ್ರಾಂಶವು ಮೌಲ್ಯಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಪಠ್ಯಕಡತಕ್ಕೆ ರಫ್ತು ಮಾಡುವಾಗ ಗೊತ್ತಿಲ್ಲದ ಮೌಲ್ಯವನ್ನು ಬರಿಯ ಖಾಲಿ ಜಾಗವಾಗಿಯೂ, ಗೊತ್ತಿದ್ದೂ ಖಾಲಿಯಾಗಿರುವ ಪಠ್ಯವನ್ನು ಎರಡು ಉದ್ಧರಣ ಚಿಹ್ನೆಗಳಾಗಿಯೂ ಬರೆದು ಭೇದವನ್ನು ಕಾಪಾಡುತ್ತದೆ. ಸ್ಪ್ರೆಡ್‌ಶೀಟಿನಲ್ಲಿ ತೆರೆದೊಡನೆ ಎರಡೂ ಒಂದೇ ಬಗೆಯ ಖಾಲಿ ಕೋಶಗಳಾಗಿ ಕಾಣುತ್ತವೆ. ಮಗುವಿನ ತೂಕವನ್ನು ಅಳೆಯಲೇ ಇಲ್ಲ ಎಂಬುದಕ್ಕೂ ತೂಕ ಸೊನ್ನೆ ಎಂಬುದಕ್ಕೂ ಇರುವ ವ್ಯತ್ಯಾಸವನ್ನು ನೆನೆದರೆ, ಸರಾಸರಿ ತೆಗೆಯುವಾಗ ಖಾಲಿ ಕೋಶದ ಅರ್ಥ ಎಷ್ಟು ಮುಖ್ಯ ಎಂಬುದು ಮನವರಿಕೆಯಾಗುತ್ತದೆ.

ಕಡತದ ಸ್ವರೂಪಗಳು

ರಫ್ತಾದ ದತ್ತಾಂಶವನ್ನು ಹೊತ್ತೊಯ್ಯುವ ಕಡತಗಳಲ್ಲಿ ಅತ್ಯಂತ ಹಳೆಯದೂ ಸರಳವೂ ಆದದ್ದು ಸಿಎಸ್‌ವಿ, ಅಂದರೆ ಅಲ್ಪವಿರಾಮದಿಂದ ಬೇರ್ಪಡಿಸಿದ ಮೌಲ್ಯಗಳ ಪಠ್ಯಕಡತ. ಇದರಲ್ಲಿ ಪ್ರತಿ ದಾಖಲೆಯೂ ಒಂದು ಸಾಲು, ಪ್ರತಿ ಎರಡು ಮೌಲ್ಯಗಳ ನಡುವೆ ಒಂದು ಅಲ್ಪವಿರಾಮ. ದಶಕಗಳ ಕಾಲ ರೂಢಿಯ ಮೇಲೆಯೇ ನಡೆದುಬಂದ ಈ ಸ್ವರೂಪಕ್ಕೆ 2005ರಲ್ಲಿ ಅಂತರಜಾಲದ ತಾಂತ್ರಿಕ ಕೈಪಿಡಿಗಳ ಸರಣಿಯಲ್ಲಿ 4180ನೆಯ ದಾಖಲೆಯಾಗಿ ಒಂದು ಬರಹರೂಪದ ವಿವರಣೆ ದೊರೆಯಿತು. ಮೌಲ್ಯದೊಳಗೇ ಅಲ್ಪವಿರಾಮ, ಉದ್ಧರಣ ಚಿಹ್ನೆ ಅಥವಾ ಹೊಸಸಾಲು ಬಂದರೆ ಇಡೀ ಮೌಲ್ಯವನ್ನು ಜೋಡಿ ಉದ್ಧರಣ ಚಿಹ್ನೆಗಳ ನಡುವೆ ಇಡಬೇಕು, ಒಳಗಿನ ಉದ್ಧರಣ ಚಿಹ್ನೆಯನ್ನು ಎರಡು ಸಲ ಬರೆಯಬೇಕು ಎಂಬುದು ಅದರ ಮುಖ್ಯ ನಿಯಮ. ಭಾರತೀಯ ದತ್ತಾಂಶದಲ್ಲಿ ಈ ನಿಯಮಕ್ಕೆ ವಿಶೇಷ ಮಹತ್ವವಿದೆ: ‘14, 3ನೇ ಅಡ್ಡರಸ್ತೆ, ಮಲ್ಲೇಶ್ವರ’ ಎಂಬ ವಿಳಾಸವನ್ನು ಉದ್ಧರಣ ಚಿಹ್ನೆಯಿಲ್ಲದೆ ಬರೆದರೆ ಅದು ಮೂರು ಕಂಬಸಾಲುಗಳಾಗಿ ಒಡೆಯುತ್ತದೆ, ಲಕ್ಷದ ಗುಂಪಿನಲ್ಲಿ ಅಲ್ಪವಿರಾಮ ಹಾಕಿದ 1,25,000 ಎಂಬ ಮೊತ್ತವೂ ಹಾಗೆಯೇ ಮೂರು ಪಾಲಾಗುತ್ತದೆ. ದಶಮಾಂಶಕ್ಕೆ ಬಿಂದುವಿನ ಬದಲು ಅಲ್ಪವಿರಾಮ ಬಳಸುವ ಜರ್ಮನಿ, ಫ್ರಾನ್ಸ್ ಮೊದಲಾದ ದೇಶಗಳಲ್ಲಿ ಮೌಲ್ಯಗಳನ್ನು ಬೇರ್ಪಡಿಸಲು ಅರ್ಧವಿರಾಮವನ್ನೇ ಬಳಸುವುದರಿಂದ, ಒಂದು ದೇಶದಲ್ಲಿ ಸರಿಯಾಗಿ ತೆರೆದುಕೊಳ್ಳುವ ಕಡತ ಇನ್ನೊಂದು ದೇಶದ ಗಣಕದಲ್ಲಿ ಒಂದೇ ಕಂಬಸಾಲಿನಲ್ಲಿ ತುರುಕಿಕೊಳ್ಳುವುದುಂಟು.

ಸಿಎಸ್‌ವಿಯ ಬಲವೂ ಬಲಹೀನತೆಯೂ ಅದರ ಸರಳತೆಯಲ್ಲೇ ಇದೆ. ಯಾವ ತಂತ್ರಾಂಶವಾದರೂ ಅದನ್ನು ಓದಬಲ್ಲದು, ಹತ್ತಾರು ವರ್ಷಗಳ ಬಳಿಕವೂ ಅದು ಓದಲು ಸಿಗುತ್ತದೆ. ಆದರೆ ದತ್ತಪ್ರಕಾರ, ಅಕ್ಷರಶೈಲಿ, ಸೂತ್ರ, ಬಣ್ಣ, ಒಂದಕ್ಕಿಂತ ಹೆಚ್ಚು ಹಾಳೆ ಇವಾವುದನ್ನೂ ಅದು ಹೊರಲಾರದು. ಈ ಕೊರತೆಯನ್ನು ನೀಗುವ ಸ್ವರೂಪಗಳು ಸ್ಪ್ರೆಡ್‌ಶೀಟಿನ ಸ್ವಂತ ಕಡತಗಳು. ಎಕ್ಸೆಲ್‌ನ ಹಳೆಯ ಎಕ್ಸ್‌ಎಲ್‌ಎಸ್ ಕಡತವು ಯಂತ್ರಕ್ಕಷ್ಟೇ ಅರ್ಥವಾಗುವ ದ್ವಿಮಾನ ರೂಪದಲ್ಲಿತ್ತು. 2007ರ ಆವೃತ್ತಿಯಿಂದ ಬಳಕೆಗೆ ಬಂದ ಎಕ್ಸ್‌ಎಲ್‌ಎಸ್‌ಎಕ್ಸ್ ಕಡತವು ಎಕ್ಸ್‌ಎಂಎಲ್ ಎಂಬ ಗುರುತುಭಾಷೆಯಲ್ಲಿ ಬರೆದ ಹಲವು ಸಣ್ಣ ಕಡತಗಳನ್ನು ಒತ್ತಿ ಕಟ್ಟಿದ ಒಂದು ಜಿಪ್ ಗಂಟು. ಅದನ್ನು ಬಿಚ್ಚಿ ನೋಡಿದರೆ ಹಾಳೆಗಳು ಒಂದು ಕಡೆ, ಪಠ್ಯಗಳ ಪಟ್ಟಿ ಇನ್ನೊಂದು ಕಡೆ, ಕೋಶಗಳ ಶೈಲಿ ಮತ್ತೊಂದು ಕಡೆ ಇರುವುದು ಕಾಣುತ್ತದೆ. ಹಾಳೆಯಲ್ಲಿ ಪ್ರತಿ ಕೋಶದ ಜೊತೆಗೂ ಅದು ಸಂಖ್ಯೆಯೋ ಪಠ್ಯವೋ ಎಂಬ ಗುರುತನ್ನು ಬರೆದಿಡಬಹುದಾದ್ದರಿಂದ, ತೆರೆಯುವಾಗ ಊಹೆಗೆ ಎಡೆಯೇ ಇರುವುದಿಲ್ಲ. ಈ ಸ್ವರೂಪವು 2008ರಲ್ಲಿ ಐಎಸ್ಒ ಮಾನ್ಯತೆ ಪಡೆಯಿತು. ಲಿಬ್ರೆಆಫೀಸ್ ಬಳಸುವ ಓಪನ್ ಡಾಕ್ಯುಮೆಂಟ್ ಸ್ವರೂಪಕ್ಕೆ ಅದಕ್ಕೂ ಎರಡು ವರ್ಷ ಮೊದಲೇ, 2006ರಲ್ಲಿ, ಆ ಮಾನ್ಯತೆ ದೊರೆತಿತ್ತು.

ರಫ್ತಿನ ವಿಧಾನಗಳು

ರಫ್ತಿನ ವಿಧಾನಗಳನ್ನು ಸ್ಥೂಲವಾಗಿ ನಾಲ್ಕಾಗಿ ವಿಂಗಡಿಸಬಹುದು. ಮೊದಲನೆಯದು ತಂತ್ರಾಂಶದಲ್ಲೇ ಇರುವ ರಫ್ತಿನ ಗುಂಡಿ. ಆ್ಯಕ್ಸೆಸ್‌ನಲ್ಲಿ ಕೋಷ್ಟಕವನ್ನೋ ಮೊದಲೇ ಬರೆದಿಟ್ಟ ಪ್ರಶ್ನೆಯನ್ನೋ ಆಯ್ದು ಹೊರಗಿನ ದತ್ತಾಂಶ ಎಂಬ ಪಟ್ಟಿಯಲ್ಲಿರುವ ಎಕ್ಸೆಲ್ ಗುಂಡಿಯನ್ನು ಒತ್ತಿದರೆ ಕಡತ ಸಿದ್ಧವಾಗುತ್ತದೆ. ಲಿಬ್ರೆಆಫೀಸ್‌ನಲ್ಲಿ ಬೇಸ್ ದತ್ತಸಂಚಯದ ಕೋಷ್ಟಕವನ್ನು ಕ್ಯಾಲ್ಕ್ ಹಾಳೆಯ ಮೇಲೆ ಎಳೆದು ಬಿಟ್ಟರೂ ಸಾಕು. ಎರಡನೆಯದು ಆದೇಶದ ಮೂಲಕ ಮಾಡುವ ರಫ್ತು. ಮೈಎಸ್‌ಕ್ಯುಎಲ್ ದತ್ತಸಂಚಯದಲ್ಲಿ ಆಯ್ಕೆಯ ಪ್ರಶ್ನೆಗೆ ಹೊರಕಡತದ ಹೆಸರನ್ನು ಸೇರಿಸಿ, ಮೌಲ್ಯಗಳನ್ನು ಯಾವ ಚಿಹ್ನೆಯಿಂದ ಬೇರ್ಪಡಿಸಬೇಕು, ಯಾವುದರಿಂದ ಸುತ್ತುವರಿಯಬೇಕು ಎಂದು ಹೇಳಬಹುದು. ಪೋಸ್ಟ್‌ಗ್ರೆಸ್‌ನಲ್ಲಿ ‘ಕಾಪಿ’ ಎಂಬ ಆದೇಶ ಇದೇ ಕೆಲಸ ಮಾಡುತ್ತದೆ. ಇವೆರಡರಲ್ಲೂ ಕಡತವು ಬಳಕೆದಾರನ ಗಣಕದಲ್ಲಲ್ಲದೆ ದತ್ತಸಂಚಯವಿರುವ ಸರ್ವರ್‌ನಲ್ಲಿ ಸೃಷ್ಟಿಯಾಗುತ್ತದೆ ಎಂಬುದು ಹೊಸಬರನ್ನು ಗೊಂದಲಕ್ಕೀಡುಮಾಡುವ ಸಂಗತಿ; ಬಳಕೆದಾರನ ಕಡೆಗೇ ಕಡತವನ್ನು ತರುವ ಪ್ರತ್ಯೇಕ ಆದೇಶವೂ ಪೋಸ್ಟ್‌ಗ್ರೆಸ್‌ನಲ್ಲಿದೆ.

ಮೂರನೆಯದು ಕ್ರಮವಿಧಿ ಬರೆದು ಮಾಡುವ ರಫ್ತು. ಜಾವಾ ಭಾಷೆಗೆ ಅಪಾಚೆ ಪಿಒಐ, ಪೈಥಾನ್ ಭಾಷೆಗೆ ಪಾಂಡಾಸ್ ಮತ್ತು ಓಪನ್‌ಪೈಎಕ್ಸ್‌ಎಲ್ ಮೊದಲಾದ ಸಿದ್ಧ ಸಾಧನಗಳಿದ್ದು, ಇವುಗಳಿಂದ ಕೋಶದ ಬಗೆ, ಶೀರ್ಷಿಕೆಯ ಶೈಲಿ, ಹಾಳೆಗಳ ಹೆಸರು ಎಲ್ಲವನ್ನೂ ನಿಗದಿಪಡಿಸಿದ ಕಡತವನ್ನು ಪ್ರತಿ ತಿಂಗಳೂ ಒಂದೇ ರೀತಿಯಲ್ಲಿ ತಯಾರಿಸಬಹುದು. ನಾಲ್ಕನೆಯದರಲ್ಲಿ ದತ್ತಾಂಶವನ್ನು ದತ್ತಸಂಚಯ ಹೊರಗೆ ಕಳುಹಿಸುವುದಿಲ್ಲ, ಸ್ಪ್ರೆಡ್‌ಶೀಟೇ ಒಳಗೆ ಬಂದು ಕೇಳಿ ಪಡೆಯುತ್ತದೆ. 1992ರಲ್ಲಿ ಮೈಕ್ರೋಸಾಫ್ಟ್ ಬಳಕೆಗೆ ತಂದ ಓಡಿಬಿಸಿ ಎಂಬ ಸಂಪರ್ಕ ಕಟ್ಟಳೆಯು ಯಾವ ಸಂಸ್ಥೆಯ ದತ್ತಸಂಚಯವಾದರೂ ಒಂದೇ ಬಗೆಯ ಬಾಗಿಲಿನ ಮೂಲಕ ಮಾತನಾಡುವಂತೆ ಮಾಡಿತು. ಎಕ್ಸೆಲ್‌ನ ಪವರ್ ಕ್ವೆರಿ ಸೌಲಭ್ಯವು ಇಂಥ ಸಂಪರ್ಕದ ಹೆಜ್ಜೆಗಳನ್ನು ನೆನಪಿಟ್ಟುಕೊಂಡು, ಬೇಕೆಂದಾಗ ತಾಜಾ ದತ್ತಾಂಶವನ್ನು ಮತ್ತೆ ತರುತ್ತದೆ. ಮೊದಲ ಮೂರು ವಿಧಾನಗಳಲ್ಲಿ ಸಿಗುವುದು ಒಂದು ಗಳಿಗೆಯ ಪ್ರತಿ, ಅದು ಹೊರಬಂದ ಕ್ಷಣದಿಂದಲೇ ಹಳತಾಗತೊಡಗುತ್ತದೆ; ಈ ಕೊನೆಯ ವಿಧಾನದಲ್ಲಿ ಮೂಲದೊಂದಿಗಿನ ಕೊಂಡಿ ಉಳಿದಿರುತ್ತದೆ.

ಸಂಬಂಧಗಳನ್ನು ಒಂದೇ ಹಾಳೆಗೆ ತರುವುದು

ದತ್ತಸಂಚಯದಲ್ಲಿ ಹಲವು ಕೋಷ್ಟಕಗಳಲ್ಲಿ ಹಂಚಿಹೋಗಿರುವ ಮಾಹಿತಿಯನ್ನು ರಫ್ತಿಗೆ ಮೊದಲು ಸಾಮಾನ್ಯವಾಗಿ ‘ಜಾಯಿನ್’ ಎಂಬ ಜೋಡಣೆಯ ಮೂಲಕ ಒಂದೇ ಅಗಲವಾದ ಕೋಷ್ಟಕವಾಗಿ ಮಾಡಲಾಗುತ್ತದೆ. ಹಾಲು ಉತ್ಪಾದಕರ ಸಹಕಾರ ಸಂಘವೊಂದರ ದತ್ತಸಂಚಯವನ್ನು ಕಲ್ಪಿಸಿಕೊಂಡರೆ ಇದರ ಪರಿಣಾಮ ತಿಳಿಯುತ್ತದೆ. ಅಲ್ಲಿ ಸದಸ್ಯರ ಕೋಷ್ಟಕದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಸಾಲು. ಅದರಲ್ಲಿ ಹೆಸರು, ಊರು, ಕಟ್ಟಿದ ಷೇರು ಹಣ. ಹಾಲಿನ ಕೋಷ್ಟಕದಲ್ಲಿ ಬೆಳಿಗ್ಗೆ ಒಂದು, ಸಂಜೆ ಒಂದು ಸಾಲು. ಅದರಲ್ಲಿ ಲೀಟರು, ಜಿಡ್ಡಿನಂಶ, ದರ. ಎರಡನ್ನೂ ಜೋಡಿಸಿ ಹತ್ತು ದಿನಗಳ ಬಟವಾಡೆಯ ಲೆಕ್ಕವನ್ನು ಸ್ಪ್ರೆಡ್‌ಶೀಟಿಗೆ ತಂದಾಗ, ತಪ್ಪದೆ ಹಾಲು ಹಾಕಿದ ಸದಸ್ಯರೊಬ್ಬರ ಹೆಸರು ಇಪ್ಪತ್ತು ಸಾಲುಗಳಲ್ಲಿ ಬರುತ್ತದೆ, ಅದರೊಡನೆ ಅವರ 1,000 ರೂಪಾಯಿ ಷೇರು ಹಣವೂ ಇಪ್ಪತ್ತು ಸಲ ಬರುತ್ತದೆ. ಲೀಟರಿನ ಕಂಬಸಾಲನ್ನು ಕೂಡಿದರೆ ಮೊತ್ತ ಸರಿ. ಷೇರು ಹಣದ ಕಂಬಸಾಲನ್ನು ಕೂಡಿದರೆ 20,000 ರೂಪಾಯಿ ಎಂಬ ಸುಳ್ಳು ಮೊತ್ತ. ಯಾವ ಅಂಕಿಯೂ ತಪ್ಪಾಗಿಲ್ಲ, ಆದರೂ ಲೆಕ್ಕ ತಪ್ಪಾಗಿದೆ. ಏಕೆಂದರೆ ಷೇರು ಹಣವು ಸದಸ್ಯರಿಗೆ ಸೇರಿದ್ದು, ಹಾಲು ಹಾಕಿದ ಹೊತ್ತಿಗೆ ಸೇರಿದ್ದಲ್ಲ ಎಂಬ ತಿಳಿವಳಿಕೆ ಜೋಡಣೆಯಲ್ಲಿ ಅಳಿಸಿಹೋಗಿದೆ. ಇಂಥ ಸಂದರ್ಭದಲ್ಲಿ ಎರಡು ಕೋಷ್ಟಕಗಳನ್ನು ಎರಡು ಹಾಳೆಗಳಾಗಿ ರಫ್ತು ಮಾಡಿ, ಎರಡರಲ್ಲೂ ಸದಸ್ಯ ಸಂಖ್ಯೆಯನ್ನು ಉಳಿಸುವುದು, ಇಲ್ಲವೇ ದತ್ತಸಂಚಯದಲ್ಲೇ ಸದಸ್ಯವಾರು ಮೊತ್ತ ತೆಗೆದು ಒಬ್ಬರಿಗೆ ಒಂದೇ ಸಾಲು ಬರುವಂತೆ ಮಾಡುವುದು ಸೂಕ್ತ.

ಮೌಲ್ಯಗಳ ರೂಪ ಕೆಡುವುದು

ರಫ್ತಿನ ದೋಷಗಳಲ್ಲಿ ಬಹುಪಾಲು ಸಂಭವಿಸುವುದು ದತ್ತಾಂಶ ಹೊರಬರುವಾಗಲ್ಲ, ಸಿಎಸ್‌ವಿ ಕಡತವನ್ನು ಸ್ಪ್ರೆಡ್‌ಶೀಟ್ ತೆರೆಯುವಾಗ. ಕರ್ನಾಟಕದ ಭೂದಾಖಲೆಗಳಿಂದ ಇದಕ್ಕೊಂದು ಸ್ಪಷ್ಟ ನಿದರ್ಶನ ಕೊಡಬಹುದು. 2000ದ ದಶಕದ ಆರಂಭದಲ್ಲಿ ಭೂಮಿ ಯೋಜನೆಯ ಮೂಲಕ ರಾಜ್ಯದ ಪಹಣಿಗಳು ಗಣಕೀಕೃತವಾದವು. ಪಹಣಿಯಲ್ಲಿ ಜಮೀನನ್ನು ಗುರುತಿಸುವುದು ಸರ್ವೆ ನಂಬರ್ ಮತ್ತು ಹಿಸ್ಸಾ ಸಂಖ್ಯೆಯಿಂದ, ಇವನ್ನು ಓರೆಗೆರೆಯಿಂದ ಜೋಡಿಸಿ 12/3 ಎಂದು ಬರೆಯುವುದು ರೂಢಿ. ಇಂಥ ಪಟ್ಟಿಯೊಂದನ್ನು ಸಿಎಸ್‌ವಿ ರೂಪದಲ್ಲಿ ಎಕ್ಸೆಲ್ ತೆರೆದಾಗ, 12/3 ಎಂಬುದನ್ನು ಅದು ಮಾರ್ಚ್ 12 ಎಂದು ಓದಿ, ಚಾಲ್ತಿ ವರ್ಷವನ್ನು ತಾನೇ ಸೇರಿಸಿಕೊಳ್ಳುತ್ತದೆ. ವರ್ಷ 2024 ಆಗಿದ್ದರೆ ಕೋಶದೊಳಗೆ ಉಳಿಯುವ ಮೌಲ್ಯ 45363 ಎಂಬ ಸಂಖ್ಯೆ. ಪಕ್ಕದ ಸಾಲಿನ 45/2 ಎಂಬ ಸರ್ವೆ ನಂಬರು ಯಾವ ತಾರೀಖಿಗೂ ಹೊಂದದ ಕಾರಣ ಪಠ್ಯವಾಗಿಯೇ ಉಳಿಯುತ್ತದೆ. ಹೀಗೆ ಒಂದೇ ಕಂಬಸಾಲಿನಲ್ಲಿ ಕೆಲವು ಜಮೀನುಗಳು ಸರ್ವೆ ನಂಬರಾಗಿಯೂ ಕೆಲವು ದಿನಾಂಕವಾಗಿಯೂ ನಿಲ್ಲುತ್ತವೆ, ದಿನಾಂಕವಾದವುಗಳನ್ನು ಮತ್ತೆ ಪಠ್ಯದ ಶೈಲಿಗೆ ಬದಲಾಯಿಸಿದರೆ 12/3 ಮರಳುವುದಿಲ್ಲ, 45363 ಕಾಣಿಸುತ್ತದೆ.

ಈ ಸಂಖ್ಯೆಯ ಮೂಲ ಸ್ಪ್ರೆಡ್‌ಶೀಟ್ ತಾರೀಖನ್ನು ಇಟ್ಟುಕೊಳ್ಳುವ ರೀತಿಯಲ್ಲಿದೆ. ವಿಂಡೋಸ್‌ನ ಎಕ್ಸೆಲ್ 1900ರ ಜನವರಿ 1ನ್ನು ಒಂದು ಎಂದು ಹಿಡಿದು ಅಲ್ಲಿಂದ ದಿನಗಳನ್ನು ಎಣಿಸುತ್ತದೆ. 1900 ಅಧಿಕ ವರ್ಷವಲ್ಲದಿದ್ದರೂ ಲೋಟಸ್ 1-2-3 ಅದನ್ನು ಹಾಗೆ ಭಾವಿಸಿದ್ದರಿಂದ, ಅದರ ಕಡತಗಳೊಂದಿಗೆ ಹೊಂದಿಕೊಳ್ಳಲು ಎಕ್ಸೆಲ್ ಕೂಡ ಇಲ್ಲದ ಫೆಬ್ರವರಿ 29ಕ್ಕೆ ಅರವತ್ತನೆಯ ಸ್ಥಾನ ಕೊಟ್ಟಿತು. ಮ್ಯಾಕಿಂಟೋಶ್‌ನ ಹಳೆಯ ಆವೃತ್ತಿಗಳು ಎಣಿಕೆಯನ್ನು 1904ರಿಂದ ಆರಂಭಿಸಿದ್ದರಿಂದ ಎರಡು ಪದ್ಧತಿಗಳ ನಡುವೆ 1,462 ದಿನಗಳ ಅಂತರವಿದೆ. 1900ಕ್ಕೆ ಹಿಂದಿನ ತಾರೀಖುಗಳು ಎಕ್ಸೆಲ್‌ನಲ್ಲಿ ತಾರೀಖುಗಳಾಗುವುದೇ ಇಲ್ಲ; ಹತ್ತೊಂಬತ್ತನೆಯ ಶತಮಾನದ ದಾಖಲೆಗಳನ್ನು ಪರಿಶೀಲಿಸುವ ಇತಿಹಾಸಕಾರರು ದಿನ, ತಿಂಗಳು, ವರ್ಷಗಳನ್ನು ಮೂರು ಕಂಬಸಾಲುಗಳಲ್ಲಿ ರಫ್ತು ಮಾಡಿಕೊಳ್ಳುವುದು ಲೇಸು.

ಲೆಕ್ಕಕ್ಕಲ್ಲದೆ ಗುರುತಿಗಾಗಿ ಬಳಸುವ ಸಂಖ್ಯೆಗಳು ಇನ್ನೊಂದು ಬಗೆಯಲ್ಲಿ ಕೆಡುತ್ತವೆ. ಬೆಂಗಳೂರಿನ 080, ಮೈಸೂರಿನ 0821 ಎಂಬ ದೂರವಾಣಿ ಸಂಕೇತಗಳು ಮುಂದಿನ ಸೊನ್ನೆ ಕಳೆದುಕೊಂಡು 80, 821 ಆಗುತ್ತವೆ. ಹನ್ನೆರಡು ಅಂಕೆಗಳ ಆಧಾರ್ ಸಂಖ್ಯೆಯು ಹತ್ತರ ಘಾತದ ಸಂಕ್ಷಿಪ್ತ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ಆ ಸ್ಥಿತಿಯಲ್ಲೇ ಕಡತವನ್ನು ಮತ್ತೆ ಸಿಎಸ್‌ವಿಯಾಗಿ ಉಳಿಸಿದರೆ ಪರದೆಯ ಮೇಲೆ ಕಂಡ ಐದಾರು ಅಂಕೆಗಳಷ್ಟೇ ಕಡತದಲ್ಲಿ ಉಳಿದು ಮಿಕ್ಕವು ಶಾಶ್ವತವಾಗಿ ಹೋಗುತ್ತವೆ. ಸ್ಪ್ರೆಡ್‌ಶೀಟ್ ಹದಿನೈದು ಸಾರ್ಥಕ ಅಂಕೆಗಳನ್ನಷ್ಟೇ ನಿಖರವಾಗಿ ಹಿಡಿಯಬಲ್ಲದಾದ್ದರಿಂದ, ಹದಿನಾರು ಅಂಕೆಗಳ ಕಾರ್ಡ್ ಸಂಖ್ಯೆಯ ಕೊನೆಯ ಅಂಕೆ ಸೊನ್ನೆಯಾಗುತ್ತದೆ. ಬ್ಯಾಂಕ್ ಖಾತೆಯ ಉದ್ದನೆಯ ಸಂಖ್ಯೆಗಳಿಗೂ ಇದೇ ಅಪಾಯ. ಹಣ ಬೇರೆಯವರ ಖಾತೆಗೆ ಹೋಗಬಹುದಾದ ಅಥವಾ ಫಲಾನುಭವಿಯೊಬ್ಬರಿಗೆ ಬರಬೇಕಾದದ್ದು ತಪ್ಪಿಹೋಗಬಹುದಾದ ಇಂಥ ಕಡೆ, ಒಂದು ಅಂಕೆಯ ನಷ್ಟವೂ ಸಣ್ಣದಲ್ಲ.

ವಿಜ್ಞಾನ ಕ್ಷೇತ್ರದಲ್ಲಿ ಇದರ ವ್ಯಾಪ್ತಿಯನ್ನು ಅಳೆದು ನೋಡಲಾಗಿದೆ. ಸೆಪ್ಟ್2, ಮಾರ್ಚ್1 ಎಂಬಂಥ ಹೆಸರಿನ ವಂಶವಾಹಿಗಳು ಎಕ್ಸೆಲ್‌ನಲ್ಲಿ ತಾರೀಖುಗಳಾಗಿ ಬದಲಾಗುವುದನ್ನು ಸಂಶೋಧಕರು 2004ರಲ್ಲೇ ಎತ್ತಿ ತೋರಿಸಿದ್ದರು. 2016ರಲ್ಲಿ ಪ್ರಕಟವಾದ ಅಧ್ಯಯನವೊಂದು, ವಂಶವಾಹಿ ಪಟ್ಟಿಗಳನ್ನು ಎಕ್ಸೆಲ್ ಕಡತಗಳಾಗಿ ಲಗತ್ತಿಸಿದ್ದ ಪ್ರಬಂಧಗಳಲ್ಲಿ ಸುಮಾರು ಐದರಲ್ಲಿ ಒಂದರಲ್ಲಿ ಈ ದೋಷವಿರುವುದನ್ನು ಕಂಡಿತು. ಕೊನೆಗೆ 2020ರಲ್ಲಿ ಮಾನವ ವಂಶವಾಹಿಗಳಿಗೆ ಹೆಸರಿಡುವ ಅಂತಾರಾಷ್ಟ್ರೀಯ ಸಮಿತಿಯು ಇಂಥ ವಂಶವಾಹಿಗಳ ಹೆಸರನ್ನೇ ಬದಲಾಯಿಸಿತು. ತಾನಾಗಿ ರೂಪಾಂತರಿಸುವ ಗುಣವನ್ನು ತಡೆಹಿಡಿಯುವ ಆಯ್ಕೆಯನ್ನು ಮೈಕ್ರೋಸಾಫ್ಟ್ 2023ರಲ್ಲಿ ಎಕ್ಸೆಲ್‌ಗೆ ಸೇರಿಸಿತು.

ಗಾತ್ರದ ಮಿತಿ

ದತ್ತಸಂಚಯದ ಕೋಷ್ಟಕದಲ್ಲಿ ಕೋಟ್ಯಂತರ ಸಾಲುಗಳಿರುವುದು ಸಾಮಾನ್ಯ; ಸ್ಪ್ರೆಡ್‌ಶೀಟಿನ ಹಾಳೆಗೆ ಅಂಚಿದೆ. ಹಳೆಯ ಎಕ್ಸ್‌ಎಲ್‌ಎಸ್ ಕಡತದ ಹಾಳೆಯಲ್ಲಿ 65,536 ಅಡ್ಡಸಾಲು, 256 ಕಂಬಸಾಲುಗಳಿಗಷ್ಟೇ ಅವಕಾಶವಿತ್ತು. 2007ರ ಬಳಿಕದ ಸ್ವರೂಪದಲ್ಲಿ 10,48,576 ಅಡ್ಡಸಾಲು, 16,384 ಕಂಬಸಾಲುಗಳಿವೆ. ಒಂದು ಕೋಶದಲ್ಲಿ 32,767 ಅಕ್ಷರಗಳಿಗಿಂತ ಹೆಚ್ಚು ಹಿಡಿಸದು. ಈ ಅಂಚನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನಲ್ಲಿ ಕೋವಿಡ್ ಸೋಂಕಿನ ಕಾಲದಲ್ಲಿ ನಡೆದ ಘಟನೆ ಸಾಕ್ಷಿಯಾಗಿದೆ. ಪ್ರಯೋಗಾಲಯಗಳಿಂದ ಸಿಎಸ್‌ವಿ ರೂಪದಲ್ಲಿ ಬರುತ್ತಿದ್ದ ಪರೀಕ್ಷಾ ಫಲಿತಾಂಶಗಳನ್ನು ಅಲ್ಲಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯು ಹಳೆಯ ಎಕ್ಸ್‌ಎಲ್‌ಎಸ್ ಕಡತಗಳಿಗೆ ತುಂಬುತ್ತಿತ್ತು. ಒಬ್ಬೊಬ್ಬರ ಫಲಿತಾಂಶಕ್ಕೂ ಹಲವು ಸಾಲುಗಳು ಬೇಕಾಗುತ್ತಿದ್ದುದರಿಂದ ಹಾಳೆಗಳು ಬೇಗ ತುಂಬಿ, ಮಿಕ್ಕ ಸಾಲುಗಳು ಉದುರಿಹೋದವು. ಹೀಗೆ 2020ರ ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗಿನ 15,841 ಸೋಂಕಿನ ಪ್ರಕರಣಗಳು ದೈನಂದಿನ ಲೆಕ್ಕದಿಂದ ಬಿಟ್ಟುಹೋದವು. ಸೋಂಕಿತರಿಗೆ ಅವರ ಫಲಿತಾಂಶ ತಿಳಿದಿತ್ತಾದರೂ, ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕಿ ಎಚ್ಚರಿಸುವ ಕೆಲಸ ತಡವಾಯಿತು. ರಫ್ತು ಮಾಡಿದ ಸಾಲುಗಳ ಸಂಖ್ಯೆಯನ್ನೂ ತೆರೆದ ಹಾಳೆಯ ಸಾಲುಗಳ ಸಂಖ್ಯೆಯನ್ನೂ ತಾಳೆ ನೋಡುವ ಒಂದು ಸರಳ ಹೆಜ್ಜೆ ಇಂಥ ನಷ್ಟವನ್ನು ಅಂದೇ ಬಯಲಿಗೆ ತರಬಲ್ಲದು.

ಕನ್ನಡ ಲಿಪಿಯ ದತ್ತಾಂಶ

ಕನ್ನಡದಲ್ಲಿರುವ ದತ್ತಾಂಶದ ರಫ್ತಿಗೆ ತನ್ನದೇ ಆದ ತೊಡಕುಗಳಿವೆ. ಯುನಿಕೋಡ್ ಎಂಬ ಜಾಗತಿಕ ಅಕ್ಷರ ಸಂಕೇತದಲ್ಲಿ ಕನ್ನಡಕ್ಕೆ ಹತ್ತರ ಎಣಿಕೆಯಲ್ಲಿ 3200ರಿಂದ 3327ರವರೆಗಿನ 128 ಸ್ಥಾನಗಳು ಮೀಸಲಾಗಿದ್ದು, ‘ಕ’ ಅಕ್ಷರದ ಸ್ಥಾನ 3221. ಕಡತದಲ್ಲಿ ಬರೆಯುವಾಗ ಯುಟಿಎಫ್-8 ಎಂಬ ಪದ್ಧತಿಯಂತೆ ಈ ಒಂದು ಅಕ್ಷರ 224, 178, 149 ಎಂಬ ಮೂರು ಬೈಟುಗಳಾಗುತ್ತದೆ. ಸಿಎಸ್‌ವಿ ಕಡತವು ತಾನು ಯಾವ ಸಂಕೇತದಲ್ಲಿದ್ದೇನೆ ಎಂದು ಎಲ್ಲೂ ಹೇಳದ ಕಾರಣ, ಅದನ್ನು ನೇರವಾಗಿ ತೆರೆದ ಎಕ್ಸೆಲ್ ಪಶ್ಚಿಮ ಯುರೋಪಿನ ಹಳೆಯ ಸಂಕೇತವೆಂದು ಭಾವಿಸಿ ಮೂರು ಬೈಟುಗಳನ್ನು ಮೂರು ಬೇರೆ ಅಕ್ಷರಗಳಾಗಿ ಓದುತ್ತದೆ: ತಲೆಯ ಮೇಲೆ ಓರೆಗೆರೆ ಹೊತ್ತ ರೋಮನ್ ಅಕ್ಷರವೊಂದು, ಮೇಲ್ಗಡೆ ಬರೆದ ಪುಟ್ಟ ಎರಡರ ಅಂಕೆ, ಒಂದು ದಪ್ಪ ಚುಕ್ಕಿ. ಕನ್ನಡದ ಪಟ್ಟಿ ತೆರೆದಾಗ ಕಣ್ಣಿಗೆ ಬೀಳುವ ಆ ಅರ್ಥವಿಲ್ಲದ ಸಾಲುಗಳ ಗುಟ್ಟು ಇದೇ. ಕಡತದ ಆರಂಭದಲ್ಲಿ 239, 187, 191 ಎಂಬ ಮೂರು ಗುರುತಿನ ಬೈಟುಗಳನ್ನು ಸೇರಿಸಿ ರಫ್ತು ಮಾಡಿದರೆ ಎಕ್ಸೆಲ್ ಅದನ್ನು ಯುಟಿಎಫ್-8 ಎಂದು ಗುರುತಿಸುತ್ತದೆ. ಲಿಬ್ರೆಆಫೀಸ್ ಕ್ಯಾಲ್ಕ್ ಕಡತ ತೆರೆಯುವ ಮುನ್ನವೇ ಸಂಕೇತ ಯಾವುದೆಂದು ಬಳಕೆದಾರನನ್ನು ಕೇಳುತ್ತದೆ.

ಯುನಿಕೋಡ್ ಬಳಕೆ ವ್ಯಾಪಕವಾಗುವ ಮೊದಲು ನುಡಿ, ಬರಹ ಮೊದಲಾದ ತಂತ್ರಾಂಶಗಳ ಅಕ್ಷರಶೈಲಿಗಳಲ್ಲಿ ತುಂಬಿದ ದತ್ತಾಂಶದ ಸ್ಥಿತಿ ಇನ್ನೂ ಜಟಿಲ. ಅಲ್ಲಿ ಕಡತದೊಳಗೆ ಇರುವುದು ರೋಮನ್ ಅಕ್ಷರಗಳ ಸಂಕೇತಗಳೇ. ಆ ಅಕ್ಷರಶೈಲಿಯನ್ನು ಹಚ್ಚಿದಾಗ ಮಾತ್ರ ಅವು ಕನ್ನಡವಾಗಿ ಕಾಣುತ್ತವೆ. ಸಿಎಸ್‌ವಿ ಅಕ್ಷರಶೈಲಿಯನ್ನು ಹೊರಲಾರದಾದ್ದರಿಂದ ಅಂಥ ದತ್ತಾಂಶ ಸ್ಪ್ರೆಡ್‌ಶೀಟಿಗೆ ಬಂದೊಡನೆ ಕನ್ನಡತನವನ್ನೇ ಕಳೆದುಕೊಳ್ಳುತ್ತದೆ, ಅಕಾರಾದಿಯಾಗಿ ಜೋಡಿಸಿದರೂ ಕನ್ನಡದ ಕ್ರಮ ಬರುವುದಿಲ್ಲ. ಪರಿವರ್ತಕದ ಮೂಲಕ ಯುನಿಕೋಡ್‌ಗೆ ತಂದ ಮೇಲೆಯೇ ಅದು ಬಳಕೆಗೆ ಯೋಗ್ಯ. ಯುನಿಕೋಡ್‌ನಲ್ಲೂ ಒಂದು ಸೂಕ್ಷ್ಮವಿದೆ: ‘ಕೊ’ ಎಂಬಲ್ಲಿನ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಎರಡು ಸಂಕೇತಗಳ ಕೂಡಿಕೆಯಾಗಿಯೂ ಬರೆಯಬಹುದಾದ್ದರಿಂದ, ಕಣ್ಣಿಗೆ ಒಂದೇ ಆಗಿ ಕಾಣುವ ‘ಕೊಪ್ಪ’ ಎಂಬ ಊರಿನ ಹೆಸರು ಎರಡು ಪಟ್ಟಿಗಳಲ್ಲಿ ಗಣಕಕ್ಕೆ ಎರಡು ಬೇರೆ ಪದಗಳಾಗಿ ತೋರಬಹುದು. ರಫ್ತಿಗೆ ಮೊದಲು ಸಂಕೇತಗಳನ್ನು ಒಂದೇ ರೂಪಕ್ಕೆ ತರುವುದು ಇದಕ್ಕೆ ಪರಿಹಾರ.

ಗೋಪ್ಯತೆ ಮತ್ತು ಭದ್ರತೆ

ದತ್ತಸಂಚಯದಲ್ಲಿ ಯಾರು ಏನನ್ನು ನೋಡಬಹುದು ಎಂಬುದಕ್ಕೆ ಅನುಮತಿಯ ಕಟ್ಟುಪಾಡು ಇರುತ್ತದೆ, ಯಾರು ಯಾವಾಗ ನೋಡಿದರು ಎಂಬ ದಾಖಲೆಯೂ ಉಳಿಯಬಲ್ಲದು. ರಫ್ತಾದ ಕಡತ ಈ ಕಾವಲಿನಿಂದ ಹೊರಬಂದು, ಮಿಂಚಂಚೆಯಲ್ಲಿ, ಪೆನ್‌ಡ್ರೈವಿನಲ್ಲಿ, ವಾಟ್ಸ್ಆ್ಯಪ್ ಗುಂಪಿನಲ್ಲಿ ಎಲ್ಲಿಗೆ ಬೇಕಾದರೂ ಹೋಗಬಹುದು. ಉತ್ತರ ಐರ್ಲೆಂಡಿನ ಪೊಲೀಸ್ ಇಲಾಖೆಯು 2023ರ ಆಗಸ್ಟ್‌ನಲ್ಲಿ ಮಾಹಿತಿ ಕೋರಿಕೆಯೊಂದಕ್ಕೆ ಉತ್ತರವಾಗಿ ಕೊಟ್ಟ ಸ್ಪ್ರೆಡ್‌ಶೀಟಿನಲ್ಲಿ, ಸಿಬ್ಬಂದಿ ದತ್ತಸಂಚಯದಿಂದ ಇಳಿಸಿಕೊಂಡ ಮೂಲ ಹಾಳೆಯು ಮರೆಯಲ್ಲಿ ಉಳಿದುಹೋಗಿ, 9,483 ಮಂದಿಯ ಕುಲನಾಮ, ಹುದ್ದೆ, ಕೆಲಸದ ಸ್ಥಳದ ವಿವರಗಳು ಹೊರಬಿದ್ದವು; ಜೀವಕ್ಕೆ ಬೆದರಿಕೆಯಿರುವ ಆ ಸಿಬ್ಬಂದಿಯ ಕುಟುಂಬಗಳು ಇದರಿಂದ ತೀವ್ರ ಆತಂಕಕ್ಕೆ ಒಳಗಾದವು. ಭಾರತದಲ್ಲೂ 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾನೂನು ಅಂಗೀಕಾರವಾಗಿದ್ದು, ಜನರ ಮಾಹಿತಿಯನ್ನು ಇಟ್ಟುಕೊಂಡ ಸಂಸ್ಥೆಗಳ ಹೊಣೆಯನ್ನು ಅದು ನಿಗದಿಪಡಿಸುತ್ತದೆ.

ಇನ್ನೊಂದು ಅಪಾಯ ಸೂತ್ರಗಳದ್ದು. ಸಮ ಚಿಹ್ನೆ, ಕೂಡುವ ಚಿಹ್ನೆ, ಕಳೆಯುವ ಚಿಹ್ನೆ ಅಥವಾ ಮಿಂಚಂಚೆ ವಿಳಾಸದ ‘ಆ್ಯಟ್’ ಚಿಹ್ನೆಯಿಂದ ಆರಂಭವಾಗುವ ಮೌಲ್ಯವನ್ನು ಸ್ಪ್ರೆಡ್‌ಶೀಟ್ ಸೂತ್ರವೆಂದು ಭಾವಿಸಿ ನಡೆಸಲು ಹೊರಡುತ್ತದೆ. ಸಾರ್ವಜನಿಕರು ತುಂಬುವ ಅರ್ಜಿಯ ಹೆಸರಿನ ಜಾಗದಲ್ಲಿ ದುರುದ್ದೇಶದಿಂದ ಬರೆದ ಇಂಥ ಸೂತ್ರವು ದತ್ತಸಂಚಯದಲ್ಲಿ ನಿರಪಾಯವಾದ ಪಠ್ಯವಾಗಿ ಮಲಗಿದ್ದು, ರಫ್ತಾಗಿ ಅಧಿಕಾರಿಯ ಗಣಕದಲ್ಲಿ ತೆರೆದಾಗ ಎಚ್ಚರಗೊಳ್ಳಬಹುದು. ಅಂಥ ಮೌಲ್ಯಗಳನ್ನು ರಫ್ತಿನ ಹಂತದಲ್ಲೇ ಪಠ್ಯವೆಂದು ಗುರುತಿಸಿ ಬರೆಯುವುದು ಸುರಕ್ಷಿತ ಮಾರ್ಗ.

ರಫ್ತಿನ ಶಿಸ್ತು

ಮೇಲಿನ ವಿವರಗಳಿಂದ ರಫ್ತಿಗೊಂದು ಕ್ರಮ ತಾನಾಗಿ ರೂಪುಗೊಳ್ಳುತ್ತದೆ. ಬೇಕಾದ ಕಂಬಸಾಲುಗಳನ್ನೂ ಸಾಲುಗಳನ್ನೂ ದತ್ತಸಂಚಯದಲ್ಲೇ ಪ್ರಶ್ನೆ ಬರೆದು ಆಯ್ದುಕೊಳ್ಳಬೇಕು, ಅಗತ್ಯವಿಲ್ಲದ ವೈಯಕ್ತಿಕ ವಿವರಗಳನ್ನು ಅಲ್ಲಿಯೇ ಬಿಡಬೇಕು. ತಾರೀಖುಗಳನ್ನು ವರ್ಷ, ತಿಂಗಳು, ದಿನ ಎಂಬ ಅಂತಾರಾಷ್ಟ್ರೀಯ ಕ್ರಮದಲ್ಲಿ 2024-03-12 ಎಂದು ಬರೆದರೆ ದಿನ ಮೊದಲೋ ತಿಂಗಳು ಮೊದಲೋ ಎಂಬ ಗೊಂದಲ ಇಲ್ಲವಾಗುತ್ತದೆ. ಗುರುತಿನ ಸಂಖ್ಯೆಗಳು, ಸರ್ವೆ ನಂಬರುಗಳು, ದೂರವಾಣಿ ಸಂಖ್ಯೆಗಳು ಇರುವ ಕಡೆ ಕೋಶದ ಬಗೆಯನ್ನು ಹೊರಬಲ್ಲ ಎಕ್ಸ್‌ಎಲ್‌ಎಸ್‌ಎಕ್ಸ್ ಸ್ವರೂಪವನ್ನು ಆಯ್ದು ಅವನ್ನು ಪಠ್ಯವೆಂದು ನಮೂದಿಸಬೇಕು. ಸಿಎಸ್‌ವಿಯೇ ಅನಿವಾರ್ಯವಾದರೆ ಕಡತವನ್ನು ಎರಡು ಬಾರಿ ಒತ್ತಿ ನೇರವಾಗಿ ತೆರೆಯದೆ, ದತ್ತಾಂಶ ಪಟ್ಟಿಯ ಆಮದು ಸೌಲಭ್ಯದ ಮೂಲಕ ಒಳತಂದು ಪ್ರತಿ ಕಂಬಸಾಲಿನ ಬಗೆಯನ್ನು ಕೈಯಾರೆ ಹೇಳಬೇಕು. ಸಾಲುಗಳ ಎಣಿಕೆಯನ್ನೂ ಒಂದೆರಡು ಮೊತ್ತಗಳನ್ನೂ ಎರಡೂ ಕಡೆ ತಾಳೆ ನೋಡಬೇಕು. ರಫ್ತು ಮಾಡಿದ ದಿನ, ಹೊತ್ತು, ಬಳಸಿದ ಪ್ರಶ್ನೆ, ಕಂಬಸಾಲುಗಳ ಅರ್ಥ ಇವನ್ನು ಮೊದಲ ಹಾಳೆಯಲ್ಲೋ ಜೊತೆಗಿನ ಕಡತದಲ್ಲೋ ಬರೆದಿಡಬೇಕು. ತಪ್ಪು ಕಂಡರೆ ಅದನ್ನು ಸ್ಪ್ರೆಡ್‌ಶೀಟಿನ ಪ್ರತಿಯಲ್ಲಿ ತಿದ್ದದೆ ಮೂಲ ದತ್ತಸಂಚಯದಲ್ಲಿ ತಿದ್ದಿ ಮತ್ತೊಮ್ಮೆ ರಫ್ತು ಮಾಡಬೇಕು; ಇಲ್ಲವಾದರೆ ಒಂದೇ ಸಂಗತಿಗೆ ಎರಡು ಲೆಕ್ಕಗಳು ಹುಟ್ಟಿಕೊಂಡು, ಯಾವುದು ನಿಜವೆಂದು ಹೇಳುವವರಿಲ್ಲದಂತಾಗುತ್ತದೆ.

ಹಾಳೆಯ ಮೇಲಿನ ಪ್ರತಿ ಸಾಲಿನ ಹಿಂದೆ ಒಬ್ಬ ರೈತನ ಜಮೀನು, ಒಬ್ಬ ರೋಗಿಯ ಫಲಿತಾಂಶ, ಒಬ್ಬ ಸದಸ್ಯನ ಹಾಲಿನ ಹಣ ಇರುತ್ತದೆ. 12/3 ಎಂಬುದು ಮಾರ್ಚ್ ತಿಂಗಳ ಒಂದು ದಿನವಲ್ಲ, ಹನ್ನೆರಡನೆಯ ಸರ್ವೆ ನಂಬರಿನ ಮೂರನೆಯ ಹಿಸ್ಸಾ ಎಂಬುದು ಪಹಣಿಯನ್ನು ಓದಬಲ್ಲ ಯಾವ ಹಳ್ಳಿಗನಿಗೂ ತಿಳಿದಿದೆ, ದತ್ತಸಂಚಯಕ್ಕೂ ತಿಳಿದಿದೆ. ನಡುವೆ ಕೆಲಸ ಮಾಡುವ ರಫ್ತು ಆ ತಿಳಿವಳಿಕೆಯನ್ನು ಅಂಕಿಯ ಜೊತೆಯಲ್ಲೇ ದಾಟಿಸಿದಾಗ ಪೂರ್ಣವಾಗುತ್ತದೆ.